ರಿಟರ್ನ್ ಒತ್ತಿದವರು ಯಾರು?

1979. ಸಯನ್ ಹತ್ತಿರದ ಒಂದು ಖಾಸಗಿ ಪ್ರಯೋಗಾಲಯದಲ್ಲಿ ನಾನು ಪ್ರೋಗ್ರಾಮರ್. ಕಂಪ್ಯೂಟರ್ ಕೋಣೆಯ ಎ.ಸಿ.ಯಿಂದಾಗಿ ಮೇ ತಿಂಗಳಲ್ಲೂ ಕಾರ್ಡಿಗನ್ ತೊಡುತ್ತಿದ್ದೆವು. ಆ ಸೆಕೆಯ ಊರಿನಲ್ಲಿ what a luxury! ಸಹೋದ್ಯೋಗಿ ಸುಲಭಾ ಧಾರವಾಡದವಳು. ಅವಳ ಪಿಎಚ್.ಡಿ.ಯ ಮೂರು ವರ್ಷದ ಕೆಲಸವೆಲ್ಲ ಒಂದೇ ಡಿಸ್ಕ್‌ನಲ್ಲಿತ್ತು. ಆ ಡಿಸ್ಕ್ ಕರಕರ ಎನ್ನತೊಡಗಿತ್ತು. ಸೋಮವಾರ ರಿಪೇರಿಯವರು ಅದನ್ನು ಕಳಚಿ ಒಯ್ಯುವವರಿದ್ದರು. ಅಷ್ಟರೊಳಗೆ ಎಲ್ಲವೂ ಟೇಪಿಗೆ ಇಳಿಯಬೇಕು.

ಸುಲಭಾ ಒಂದು ಶೆಲ್ ಸ್ಕ್ರಿಪ್ಟ್ ಬರೆದಳು. ಯಂತ್ರ ಸಾಲಾಗಿ ಪಾಲಿಸಬೇಕಾದ ಆದೇಶಗಳು ಎನ್ನಿ. ಅದು ಮೊದಲು “ಟೇಪ್ ಸಿದ್ಧವೇ?” ಎಂದು ಕೇಳುತ್ತಿತ್ತು. ನಾವು ರಿಟರ್ನ್ ಕೀ ಒತ್ತಿದ ಮೇಲೆ ಫೈಲ್‌ಗಳ ಪಟ್ಟಿಯಿಂದ ಒಂದೊಂದೇ ಹೆಸರು ಓದಿ ನಕಲು ಮಾಡುತ್ತಿತ್ತು. ನಡುವೆ ಡೈರೆಕ್ಟರಿ, ಅಂದರೆ ಫೈಲ್‌ಗಳ ಕಟ್ಟು, ಸಿಕ್ಕರೆ, ಅದರೊಳಗಿನ ಫೈಲ್‌ಗಳಿಗಾಗಿ ತನ್ನನ್ನೇ ಮತ್ತೆ ಮೊದಲಿನಿಂದ ಕರೆಯುತ್ತಿತ್ತು.

ಶುಕ್ರವಾರ ನೋಡಿದರೆ ಟೇಪಿನಲ್ಲಿ ಅಲ್ಲಲ್ಲಿ ಫೈಲ್‌ಗಳೇ ಇಲ್ಲ. ಎರರ್ ಮೆಸೇಜ್ ಕೂಡ ಇಲ್ಲ. ಮತ್ತೆ ಓಡಿಸಿದೆವು, ಅವೇ ಫೈಲ್‌ಗಳು ಮಾಯ.

“ನಂದು ಮೂರು ವರ್ಷ ನೀರಾಗ ಹೋತಲ್ಲ, ವತ್ಸಲಾ,” ಎಂದು ಸುಲಭಾ ಕುರ್ಚಿಯಲ್ಲಿ ಕುಸಿದಳು.

ಶನಿವಾರ ಬೆಳಿಗ್ಗೆ ಠಾಣೆ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಹತ್ತಿದೆ. ಲೇಡೀಸ್ ಡಬ್ಬದಲ್ಲಿ ನಿಂತವರು ಕೂತವರನ್ನು ಎಲ್ಲಿ ಇಳಿಯುತ್ತೀರಿ ಎಂದು ಕೇಳುವುದು ವಾಡಿಕೆ. ಉತ್ತರ ಬಂದರೆ, ಅವರು ಇಳಿದಾಗ ಆ ಸೀಟು ಕೇಳಿದವರದು. ಕಿಟಕಿಯ ಬಳಿಯ ಹೆಂಗಸನ್ನು ಕೇಳಿದೆ. “ಘಾಟ್‌ಕೋಪರ್” ಎಂಬ ಉತ್ತರ ಬಂತು. ಘಾಟ್‌ಕೋಪರ್ ಬಂದರೂ ಆಕೆ ಅಲುಗಲಿಲ್ಲ, ಎದ್ದವಳು ಪಕ್ಕದವಳು. ಆ ಸೀಟಿನಲ್ಲಿ ಆಗಲೇ ಇನ್ಯಾರೋ ಕೂತಾಗಿತ್ತು.

“ಮೀ ಕಧೀ ಬೋಲಲೇ?” ನಾನು ಯಾವಾಗ ಹೇಳಿದೆ ಎಂದು ಕಿಟಕಿಯವಳು ನಕ್ಕಳು.

ನನ್ನ ಪ್ರಶ್ನೆಗೆ ಉತ್ತರ ಕೊಟ್ಟದ್ದು ಪಕ್ಕದವಳು! ಸಯನ್‌ನಲ್ಲಿಳಿದು ನೇರ ಸುಲಭಾಳ ಬಳಿ ಹೋದೆ. “ಒಳಗಿನ ಡೈರೆಕ್ಟರಿಗೆ ಹೋದಾಗಲೂ ಸ್ಕ್ರಿಪ್ಟ್ ಪ್ರಶ್ನೆ ಕೇಳುತ್ತದಲ್ಲ, ಆಗ ನಾವು ರಿಟರ್ನ್ ಒತ್ತಿದ್ವಾ?”

“ಇಲ್ಲ. ತಾನ ಮುಂದ ಹೋಗ್ತದ. ಭಾಳ ಶಾಣ್ಯಾ ಅದ.”

“ಹಾಗಾದರೆ ಉತ್ತರ ಕೊಟ್ಟವರು ಯಾರು?”

ಸುಲಭಾ ಬಾಯಿ ಮೇಲೆ ಕೈ ಇಟ್ಟುಕೊಂಡಳು.

ತೆರೆದ ಪ್ರತಿ ಫೈಲಿಗೂ ಒಂದು ಸಂಖ್ಯೆ ಇರುತ್ತದೆ. ಅದೇ ಫೈಲ್ ಡಿಸ್ಕ್ರಿಪ್ಟರ್. ಸೊನ್ನೆ ಎಂದರೆ ಇನ್‌ಪುಟ್ ಬರುವ ದಾರಿ, ಸಾಮಾನ್ಯವಾಗಿ ಕೀಬೋರ್ಡ್. ಹೊರಗಿನ ಸ್ಕ್ರಿಪ್ಟ್ ಹೆಸರು ಓದಲೆಂದು ಅದನ್ನು ಪಟ್ಟಿಗೆ ಜೋಡಿಸಿತ್ತು. ಒಳಗಿನ ಸ್ಕ್ರಿಪ್ಟಿಗೂ ಅದೇ ಬಳುವಳಿಯಾಗಿ ಬಂದಿತ್ತು. ಹೀಗಾಗಿ “ಟೇಪ್ ಸಿದ್ಧವೇ?” ಎಂದು ಅದು ಕೇಳಿದಾಗಲೆಲ್ಲ ಪಟ್ಟಿಯ ಮುಂದಿನ ಹೆಸರೇ ಉತ್ತರವಾಗಿ ಖರ್ಚಾಗುತ್ತಿತ್ತು. ಆ ಹೆಸರಿನ ಫೈಲ್ ಟೇಪಿಗೆ ಇಳಿಯುತ್ತಲೇ ಇರಲಿಲ್ಲ.

ಒಳಗಿನ ಕರೆಯ ಇನ್‌ಪುಟ್ ಅನ್ನು ಮತ್ತೆ ಕೀಬೋರ್ಡಿಗೆ ಕಟ್ಟಿ ಓಡಿಸಿದೆವು. ಮೊದಲ ಡೈರೆಕ್ಟರಿಯಲ್ಲೇ ಅದು “ಟೇಪ್ ಸಿದ್ಧವೇ?” ಎಂದು ಕೇಳಿ, ನಮ್ಮ ರಿಟರ್ನ್‌ಗಾಗಿ ನಿಂತುಬಿಟ್ಟಿತು.

“ಕಾಯಾಕತ್ತದ ನೋಡ!” ಸುಲಭಾ ಕೂಗಿದಳು. ಯಂತ್ರವೊಂದು ನಿಂತದ್ದಕ್ಕೆ ನಾವಿಬ್ಬರೂ ಹಾಗೆ ಕುಣಿದದ್ದು ಅದೊಂದೇ ಸಲ. ಸಂಜೆಯ ಹೊತ್ತಿಗೆ ಎಲ್ಲವೂ ಟೇಪಿನಲ್ಲಿತ್ತು. ಬಟಾಟೆ ವಡೆ ತಿನ್ನುತ್ತ ಅವಳು ಅತ್ತೇಬಿಟ್ಟಳು, silly girl.

ಅಂದಿನಿಂದ, ನನ್ನನ್ನು ಕೇಳದೆ ಯಾವ ಕೆಲಸ ಸರಾಗವಾಗಿ ಸಾಗಿದರೂ ನಾನು ಒಂದು ಕ್ಷಣ ನಿಲ್ಲುತ್ತೇನೆ. ನನ್ನ ಪರವಾಗಿ ಹೂಂ ಅಂದವರು ಯಾರು ಎಂದು ಮೊದಲು ನೋಡಿಕೊಳ್ಳುತ್ತೇನೆ.