ಇಪ್ಪತ್ನಾಲ್ಕು ಎಣಿಸುವ ಪುಂಡಲೀಕ

ಬೆಳಗಿನ ಐದೂವರೆ. ವಿಶಾಖಪಟ್ಟಣ ಬಂದರಿನ ಕ್ರೇನುಗಳ ದೀಪ ಇನ್ನೂ ಆರಿಲ್ಲ. ಕಡಲದಂಡೆಯ ಶಾಲೆಯೊಂದರ ವಿಜ್ಞಾನ ಕೋಣೆಯಲ್ಲಿ, ಗಾಜಿನ ತೊಟ್ಟಿಯ ಪಕ್ಕ ಪುಂಡಲೀಕ ಮಂಡಿಯೂರಿದ್ದಾರೆ. ದಪ್ಪ ಪೈಪಿನಿಂದ ಇಳಿಯುವ ಉಪ್ಪುನೀರಿಗೆ ಲೀಟರು ಹಿಡಿಯುವ ಪ್ಲಾಸ್ಟಿಕ್ ಚೊಂಬು ಒಡ್ಡಿ, ಕೈಗಡಿಯಾರ ನೋಡುತ್ತಾರೆ. ಸರಿಯಾಗಿ ಇಪ್ಪತ್ನಾಲ್ಕು ಸೆಕೆಂಡಿಗೆ ಚೊಂಬು ತುಂಬುತ್ತದೆ. ಉಸಿರು ಬಿಟ್ಟು ಏಳುತ್ತಾರೆ.

ಊರು ಅಂಕೋಲೆ. ನೌಕಾಪಡೆಯ ಹಡಗುಗಳಲ್ಲಿ ಹದಿನೈದು ವರ್ಷ ಪೈಪು ಜೋಡಿಸಿ ನಿವೃತ್ತರಾದ ಮೇಲೆ ಇಲ್ಲಿ ನಲ್ಲಿ ರಿಪೇರಿಗೆ ಸೇರಿದವರು. ಆರುನೂರು ಲೀಟರ್ ಸಮುದ್ರದ ನೀರು, ಹವಳದ ಬಂಡೆ, ಬಣ್ಣಬಣ್ಣದ ಆರು ಮೀನುಗಳಿದ್ದ ಈ ತೊಟ್ಟಿಗೆ ಬೇಕಾದ, ನೀರು ಸೋಸುವ ಶೋಧಕ ಪೇಟೆಯಲ್ಲೆಲ್ಲೂ ಸಿಗಲಿಲ್ಲ. ವಿಜ್ಞಾನದ ಟೀಚರ್ ರಾಜ್ಯಲಕ್ಷ್ಮಿ ಕೇಳಿದ್ದೇ ತಡ, ಕಳೆದ ವರ್ಷ, ೧೯೯೩ರಲ್ಲಿ, ಇವರೇ ಒಂದು ಕಟ್ಟಿಕೊಟ್ಟರು: ಎರಡಿಂಚಿನ ಪೈಪು, ಒಳಗೆ ತೆಂಗಿನ ಚಿಪ್ಪಿನ ಇದ್ದಿಲು, ಕೆಳಗಿನಿಂದ ನೀರು ನೂಕುವ ಜೋರು ಪಂಪು.

"ಹಡಗಲ್ಲಿ ನೀರು ಎಷ್ಟ್ ಜೋರು ಹೋಗ್ತದೋ ಅಷ್ಟ್ ಒಳ್ಳೇದು. ಇಲ್ಲೂ ಹಾಂಗೇ ಅಂದ್ಕಂಡೆ. ಗರ್ವ, ಮತ್ತೇನಲ್ಲ."

ಆ ರಭಸಕ್ಕೆ ಇದ್ದಿಲು ಒಂದಕ್ಕೊಂದು ಉಜ್ಜಿ ಪುಡಿಯಾಯಿತು, ನೀರು ಮಸಿಯಾಯಿತು. ಎರಡೇ ದಿನದಲ್ಲಿ ನಾಲ್ಕು ಮೀನು ಸತ್ತವು. ಉಳಿದ ಜೋಡಿಯೂ ಹೋದರೆ ತೊಟ್ಟಿಯನ್ನೇ ತೆಗೆಸುತ್ತೇವೆಂದು ಶಾಲೆಯವರು ಹೇಳಿಬಿಟ್ಟರು.

"ಮಕ್ಳ ಮೊಕ ನೋಡೂಕೇ ಆಗ್ಲಿಲ್ಲ," ಎನ್ನುವಾಗ ಈಗಲೂ ಅವರ ದನಿ ಕುಸಿಯುತ್ತದೆ.

ಆಗ ಕೂತು ಲೆಕ್ಕ ಹಾಕಿದರು. ತೊಟ್ಟಿಯ ನೀರೆಲ್ಲ ನಾಲ್ಕು ಗಂಟೆಗೊಮ್ಮೆ ಇದ್ದಿಲನ್ನು ಹಾದರೆ ಸಾಕು. ಅಂದರೆ ಇಪ್ಪತ್ನಾಲ್ಕು ಸೆಕೆಂಡಿಗೆ ಒಂದು ಚೊಂಬು. ಪೈಪು ಅಗಲವಾದಷ್ಟೂ ಒಳಗೆ ನೀರು ನಿಧಾನ. ಇದ್ದಿಲು ಕೊಳೆಯನ್ನು ಹೆಚ್ಚು ಹಿಡಿಯುತ್ತದೆ, ಕದಲುವುದೂ ಇಲ್ಲ. ವಿಜಯವಾಡದ ಆಟೋನಗರದ ವರ್ಕ್‌ಶಾಪಿಗೆ ಹೋಗಿ ಆರಿಂಚಿನ ಪೈಪು ಕೊಯ್ಯಿಸಿ, ರೈಲಿನಲ್ಲಿ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ತಂದರು. ಪಂಪಿಗೆ ಕಡಿವಾಣ ಹಾಕಿದರು.

ಇದಾಗಿ ಹತ್ತು ತಿಂಗಳು. ಭಾನುವಾರವೂ ತಪ್ಪದೆ ಬರುತ್ತಾರೆ. "ಆ ತಪ್ಪು ಯಾರಿಗೂ ನೆನಪಿಲ್ಲ, ಪುಂಡಲೀಕ ಗಾರು," ಎಂದು ರಾಜ್ಯಲಕ್ಷ್ಮಿ ತೆಲುಗಿನಲ್ಲಿ ಎಷ್ಟು ಹೇಳಿದರೂ ಕೇಳುವುದಿಲ್ಲ. "ನಂಗೆ ನೆನಪದೆ ಅಂಡಿ," ಎಂದು ತಮ್ಮ ಕನ್ನಡಕ್ಕೇ ತೆಲುಗಿನ ಮರ್ಯಾದೆ ಸೇರಿಸುತ್ತಾರೆ.

ಹೋದ ವಾರ ಆ ಜೋಡಿ ಬಂಡೆಯ ಮೇಲೆ ಮೊಟ್ಟೆ ಇಟ್ಟಿದೆ, ನಾಣ್ಯದಗಲದ ಕೇಸರಿ ಮಚ್ಚೆ. ಮಕ್ಕಳು ಗಾಜಿಗೆ ಮೂಗು ಒತ್ತಿ ನಿಂತರೆ ಪುಂಡಲೀಕ ಹಿಂದೆ ಸರಿದು, ಚೊಂಬು ತೊಳೆಯುತ್ತಾರೆ.

"ಸತ್ತ ನಾಲ್ಕನ್ನ ನನ್ನ ಹೆಸ್ರಲ್ಲೇ ಬರೀರಿ," ಎನ್ನುತ್ತಾರೆ, ವರದಿಗೆಂದು ಬರೆದುಕೊಳ್ಳುತ್ತಿರುವ ನಮಗೆ. "ಮೊಟ್ಟೆ ಇಟ್ಟದ್ದು ಅವುಗಳ ದೊಡ್ಡಸ್ತಿಕೆ. ನಾ ನೀರು ಅಳ್ದೆ, ಅಷ್ಟೇಯ."