‘ಪಾಪ’ ಎಂದರೆ ಸಾಕೇ?

ಆ ಶನಿವಾರ ನಮ್ಮ ಯಜಮಾನರು ಹರಿಹರದ ಕಾರ್ಖಾನೆಯಿಂದ ಎಂದಿನಂತೆ ಬಂದರು. ಬರುವಾಗ ಮಂಡಕ್ಕಿ, ಮಿರ್ಚಿ ತಂದಿದ್ದರು. ಶಿವಮೊಗ್ಗದ ಹಾಸ್ಟೆಲ್‌ನಿಂದ ಮಗಳು ಫೋನ್ ಮಾಡಿದಾಗ, ಮಿರ್ಚಿ ಕಡಿಯುವ ಸದ್ದು ಕೇಳಿಸಿ ಅವಳ ಹೊಟ್ಟೆ ಉರಿಸಿದರು. ನಮ್ಮ ಮನೆಯ ಕೊನೆಯ ಮಾಮೂಲಿ ದಿನ ಅದು.

ಸೋಮವಾರ ಕಾರ್ಖಾನೆಯಲ್ಲಿ ಅವರ ವಿಭಾಗವನ್ನೇ ಮುಚ್ಚಿದರು.

"ಪರೀಕ್ಷೆ ಮುಗೀಲಿ, ಅವಳಿಗೆ ನಾನೇ ಹೇಳ್ತೀನಿ. ನೀ ಬಾಯಿ ಬಿಡಬ್ಯಾಡ," ಎಂದರು. ನಾನು ಬಿಡಲಿಲ್ಲ.

ಕೆಲಸ ಕಳೆದುಕೊಂಡ ಕಾರ್ಮಿಕರಿಗೆ ಕೆಲವು ತಿಂಗಳು ನಿರುದ್ಯೋಗ ಭತ್ಯೆ ಸಿಗುತ್ತದೆ. ಅದಕ್ಕೆ ಕಾರ್ಮಿಕರ ವಿಮಾ ಕಚೇರಿಯಲ್ಲಿ ಅರ್ಜಿ ಹಾಕಿದರು. ಆಧಾರ್, ಪಾಸ್‌ಬುಕ್, ಮೊಬೈಲಿಗೆ ಬಂದ ಓಟಿಪಿ. (ಯಾರಿಗೂ ಹೇಳಬೇಡಿ ಎಂಬ ಎಚ್ಚರಿಕೆ ಬೇರೆ.) ಎಷ್ಟೊಂದು ಬೀಗ, ಅಲ್ಲವೇ?

ಆ ಕಚೇರಿಯ ಗುಮಾಸ್ತ ಶಿವಣ್ಣ, ಸರಸ್ವತಿ ನಗರದಲ್ಲಿ ನಮ್ಮ ಬೀದಿಯವರೇ. ಒಳ್ಳೆಯವರು. ಊಟಕ್ಕೆ ಕೂತಾಗ ಹೆಂಡತಿಗೆ ವಿಷಯ ಹೇಳಿದರು. ಆಕೆ ಇನ್ನೂ ಒಳ್ಳೆಯವರು. ಪರೀಕ್ಷೆಯ ಹಿಂದಿನ ದಿನ ನನ್ನ ಮಗಳಿಗೆ ಫೋನ್ ಮಾಡಿ ಧೈರ್ಯ ತುಂಬಿದರು: "ಪಾಪ, ನಿಮ್ಮಪ್ಪಾಜಿದು ಕೆಲಸ ಹೋಗೈತಂತಲ್ಲವ್ವ. ನೀ ಚಿಂತೆ ಮಾಡಬ್ಯಾಡ, ಚೆನ್ನಾಗಿ ಬರಿ."

ಮಗಳು ಅಳುತ್ತಾ ಅಪ್ಪನಿಗೆ ಫೋನ್ ಮಾಡಿದಳು. "ಹೂಂ ಮಗಾ," ಎಂದಷ್ಟೇ ಹೇಳಿ ಅವರು ಫೋನ್ ನನ್ನ ಕೈಗೆ ಕೊಟ್ಟರು. ಪರೀಕ್ಷೆ ಮುಗಿಸಿ ಅವಳು ಊರಿಗೆ ಬಂದಾಗಲೂ ಇಬ್ಬರೂ ಆ ಮಾತೆತ್ತಲಿಲ್ಲ.

ನಮ್ಮಲ್ಲಿ ‘ಪಾಪ’ ಎಂದು ಶುರು ಮಾಡಿದರೆ ಯಾರ ಗುಟ್ಟನ್ನಾದರೂ ಹೇಳಿಬಿಡಬಹುದು. ಯಾರದೋ ಶುಗರ್, ಯಾರದೋ ಡೈವೋರ್ಸ್, ಯಾರದೋ ಕೆಲಸ. ಚಾಡಿ ಹೇಳಿದರೆ ಬೈಯುತ್ತೇವೆ. ಕನಿಕರವನ್ನು ಬೈಯುವುದು ಹೇಗೆ?

ಸ್ವಲ್ಪ ದಿನಕ್ಕೆ ನಮ್ಮ ಯಜಮಾನರು ಹಾರ್ಟ್ ಅಟ್ಯಾಕ್ ಆಗಿ ಹೋಗಿಬಿಟ್ಟರು. (ಅದಕ್ಕೂ ಇದಕ್ಕೂ ನಾನು ಗಂಟು ಹಾಕಲಾರೆ. ಡಾಕ್ಟರೂ ಹಾಕಲಿಲ್ಲ.) ಶಿವಣ್ಣ ನನ್ನನ್ನು ಮಾತಾಡಿಸಲು ಬಂದರು.

"ಕೆಟ್ಟದಾಗ್ಲಿ ಅಂತ ಹೇಳ್ಲಿಲ್ರಿ ಅಕ್ಕಾರೆ."

"ಗೊತ್ತೈತೆ ಶಿವಣ್ಣಾರೆ. ಆದ್ರೆ ಅದು ಅವರು ಹೇಳೋ ಮಾತಾಗಿತ್ತು. ಅವರಿಗೇ ಬಿಡಬೇಕಿತ್ತು."

"ಮನೇಲಿ ಹೇಳಿದ್ದಷ್ಟೇ ಅಲ್ವಾ ಅಂದ್ಕೊಂಡೆ," ಎಂದರು. ಅವರ ಕಣ್ಣು ತುಂಬಿತ್ತು. ನನಗೆ ಸಿಟ್ಟು ಬರಲಿಲ್ಲ.

ಹೆತ್ತ ಮಗಳಿಗೂ ಹೇಳದ ಮಾತನ್ನು ಮನುಷ್ಯ ಆ ಕಚೇರಿಯ ಕಿಟಕಿಯಲ್ಲಿ ಹೇಳಿರುತ್ತಾನೆ. ಕಿಟಕಿಯ ಆಚೆ ಕೂತವರಿಗೆ ಇದನ್ನು ಯಾರಾದರೂ ಕಲಿಸುತ್ತಾರೆಯೇ?

ಮೊನ್ನೆ ಮಗಳು ಕೇಳಿದಳು, "ಅಮ್ಮ, ಅಪ್ಪಾಜಿ ನಂಗೆ ಹೆಂಗೆ ಹೇಳ್ಬೇಕು ಅಂತಿದ್ರು?"

ಅದು ನನಗೂ ಗೊತ್ತಿಲ್ಲ.