ದಾರದಕ್ಕನ ಹದಿಮೂರು ಡಿಗ್ರಿ

ಬೆಳಗಿನ ಆರೂಕಾಲು. ಯೂನಿವರ್ಸಿಟಿಯ ಏರೋಸ್ಪೇಸ್ ವಿಭಾಗದ ನೆಲಮಾಳಿಗೆಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಅದರ ಕೆಳಗೆ, ಮೇಜಿನ ಮೇಲೆ, ಮೊಳದುದ್ದದ ಮರದ ರೆಕ್ಕೆ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡ ಹೆಂಗಸೊಬ್ಬರು ಅದರ ಬೆನ್ನಿನ ಮೇಲೆ ಕೆಂಪು ಉಲ್ಲನ್ ದಾರದ ತುಣುಕುಗಳನ್ನು ಅಂಟಿಸುತ್ತಿದ್ದಾರೆ. ಮುಂದಿನ ತುದಿಗೆ ಮಾತ್ರ ಟೇಪು, ಬಾಲ ಬಿಡುಬೀಸು. ಒಟ್ಟು ನೂರ ಎಂಬತ್ತು ತುಣುಕು. ಒಂದು ಟೇಪಿನ ಮೂಲೆ ಎದ್ದರೂ ಕಿತ್ತು ಮತ್ತೆ ಹಚ್ಚಬೇಕು.

"ಹದಿನಾರು ವರ್ಷ ಗುಂಡಿ ಹೊಲಿದ ಕೈ ಇದು, ಇಷ್ಟಕ್ಕೆಲ್ಲ ಸೋಲಲ್ಲ" ಅನ್ನುತ್ತಾರೆ, ತಲೆ ಎತ್ತದೆ.

ಇವರಿಗೀಗ ನಲವತ್ತೆಂಟು. ಹುದ್ದೆ ಲ್ಯಾಬ್ ಅಟೆಂಡರ್. ವಿದ್ಯಾರ್ಥಿಗಳ ಬಾಯಲ್ಲಿ ಮಾತ್ರ ದಾರದಕ್ಕ. ಬಟ್ಟೆ ಕಾರ್ಖಾನೆ ಮುಚ್ಚಿದ ಮೇಲೆ ಇಲ್ಲಿಗೆ ಕಸ ಗುಡಿಸಲು ಬಂದವರು. ರೆಕ್ಕೆಗೆ ಹಚ್ಚುತ್ತಿದ್ದ ಕಾಗದದ ಪಟ್ಟಿಗಳು ಗಾಳಿಗೆ ಹರಿದು ಚಿಂದಿಯಾಗುವುದನ್ನು ಕಂಡು, ಮನೆಯಲ್ಲಿ ಸ್ವೆಟರ್ ಹೆಣೆದು ಉಳಿದಿದ್ದ ದಾರ ತಂದು ಅಂಟಿಸಿದರಂತೆ. ಅಷ್ಟೇ ನೋಡಿ, ಹನ್ನೊಂದು ವರ್ಷದಿಂದ ಆ ಕೆಲಸ ಇವರ ಕೊರಳಿಗೇ ಬಿದ್ದಿದೆ.

ಕೋಣೆಯ ತುಂಬ ಇರುವುದು ಗಾಳಿಸುರಂಗ. ಒಂದು ತುದಿಗೆ ಆಳೆತ್ತರದ ಫ್ಯಾನು, ನಡುವೆ ಗಾಜಿನ ಪೆಟ್ಟಿಗೆ, ಅದರೊಳಗೆ ರೆಕ್ಕೆ. ಗಾಳಿ ಬಿಟ್ಟರೆ ದಾರಗಳೆಲ್ಲ ಬಾಚಿದ ಕೂದಲಿನ ಹಾಗೆ ಹಿಂದಕ್ಕೆ ಮಲಗುತ್ತವೆ. ರೆಕ್ಕೆಯ ಮೂಗನ್ನು, ಅಂದರೆ ಮುಂದಿನ ಅಂಚನ್ನು, ಒಂದೊಂದೇ ಡಿಗ್ರಿ ಮೇಲೆತ್ತುತ್ತ ಹೋದರೆ, ಒಂದು ಹಂತದಲ್ಲಿ ದಾರಗಳೆಲ್ಲ ದಿಕ್ಕುಗೆಟ್ಟು ಕುಣಿಯುತ್ತವೆ. ಅಲ್ಲಿಗೆ ಗಾಳಿ ರೆಕ್ಕೆಯ ಬೆನ್ನು ಬಿಟ್ಟಿತು, ವಿಮಾನವನ್ನು ಎತ್ತುವ ಶಕ್ತಿ ಕುಸಿಯಿತು ಎಂದರ್ಥ. ಪುಸ್ತಕದ ಭಾಷೆಯಲ್ಲಿ ಅದು ಸ್ಟಾಲ್. "ನಾನು ರೆಕ್ಕೆ ಮುನಿಸ್ಕೊಳ್ತು ಅಂತೀನಿ. ಹೆಚ್ಚು ಮೂಗೆತ್ತಿದ್ರೆ ಯಾರು ತಾನೇ ಸಹಿಸ್ತಾರೆ?"

ದಿನಕ್ಕೆ ನಾಲ್ಕು ತಂಡ, ತಂಡಕ್ಕೆ ಹನ್ನೆರಡು ಮಂದಿ. ಅದೇ ಪಾಠ ದಿನಕ್ಕೆ ನಾಲ್ಕು ಸಲ ಕಿವಿಗೆ ಬಿದ್ದರೆ ಯಾರು ತಾನೇ ಸುಮ್ಮನಿರುತ್ತಾರೆ? ಸಿಬ್ಬಂದಿಯೂ ಒಂದೊಂದು ಪೇಪರ್ ಕಟ್ಟಬಹುದು ಎಂದು ಯೂನಿವರ್ಸಿಟಿ ಹೇಳಿದ್ದೇ ತಡ, 'ಏರೋಸ್ಪೇಸ್ ಎಂಜಿನಿಯರಿಂಗ್ ಪರಿಚಯ'ಕ್ಕೆ ಹೆಸರು ಕೊಟ್ಟೇಬಿಟ್ಟರು. ಅದೊಂದು ಪಾಸಾದರೆ ಟೆಕ್ನಿಷಿಯನ್ ಹುದ್ದೆ ಸಿಗುತ್ತದೆ. ಮಗಳು ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಸೈನು ಕೊಸೈನು ಕಲಿಸಿದಳು. ಅತ್ತೆಯದು ಒಂದೇ ಮಾತು: "ಹಾರೋದಾದ್ರೆ ಹಾರು ಮಾರಾಯ್ತಿ, ಮೊದ್ಲು ಗ್ಯಾಸ್ ಆಫ್ ಮಾಡು."

ಕಳೆದ ಸಲ ಬಂದದ್ದು ಮೂವತ್ತೆಂಟು. ಬೇಕಿದ್ದುದು ನಲವತ್ತು. ಎರಡೇ ಎರಡು ಅಂಕ! ಹೋದದ್ದು ಎಲ್ಲಿ ಅಂತೀರಿ? ತಮ್ಮದೇ ರೆಕ್ಕೆಯ ಪ್ರಶ್ನೆಯಲ್ಲಿ. 'ನಮ್ಮ ಲ್ಯಾಬಿನ ರೆಕ್ಕೆ ಎಷ್ಟು ಡಿಗ್ರಿಗೆ ಸ್ಟಾಲ್ ಆಗುತ್ತದೆ? ಪುಸ್ತಕದ ಅಂಕಿಗಿಂತ ಬೇರೆಯಾದರೆ ಕಾರಣವೇನು?' ಪುಸ್ತಕ ಹೇಳುವುದು ಹದಿನೈದು. ಇವರು ಹದಿಮೂರು ಎಂದು ಬರೆದು ಕಾರಣದ ಜಾಗ ಖಾಲಿ ಬಿಟ್ಟರು.

ಕಾರಣ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದವರು ಇವರೊಬ್ಬರೇ. ಎಂಟು ವರ್ಷದ ಹಿಂದೆ ಧೂಳು ಒರೆಸುವಾಗ ರೆಕ್ಕೆ ಕೈಜಾರಿ ಬಿದ್ದಿತ್ತು. ಅದರ ಮೂಗಿನ ನಡುವೆ ಉದ್ದಕ್ಕೊಂದು ತಗ್ಗು. ಕೆಲಸ ಹೋದೀತೆಂದು ಹೆದರಿ, ಅರೆಬರೆ ಪುಟ್ಟಿ ಮೆತ್ತಿ, ಬಣ್ಣ ಬಳಿದು, ಬಾಯಿಗೆ ಬೀಗ ಹಾಕಿಕೊಂಡರು. ಅಂದಿನಿಂದ ರೆಕ್ಕೆ ಹದಿಮೂರಕ್ಕೇ ಮುನಿಸಿಕೊಳ್ಳುತ್ತಿದೆ. ಪಾಠ ಮಾಡುವ ಪ್ರೊಫೆಸರಮ್ಮ ತಪ್ಪೆಲ್ಲ ಕೋನ ತೋರಿಸುವ ಡಯಲಿನದೆಂದು ಅದನ್ನು ಎರಡು ಸಲ ಬದಲಾಯಿಸಿದ್ದಾರೆ. ವಿದ್ಯಾರ್ಥಿಗಳಂತೂ ಹದಿಮೂರನ್ನು ಕಣ್ಣಾರೆ ಕಂಡು, ಪುಸ್ತಕ ನೋಡಿ, ಹದಿನೈದು ಮಾಡಿಬಿಡುತ್ತಾರೆ.

"ಮಕ್ಕಳು ಸರಿಯಾಗೇ ನೋಡ್ತಾರೆ. ಆಮೇಲೆ ರಬ್ಬರ್ ತಗೊಂಡು ಅಳಿಸ್ತಾರೆ. ನನ್ನಿಂದ ಅಲ್ವಾ ಅಂತ ಹೊಟ್ಟೆ ಉರಿಯತ್ತೆ" ಅನ್ನುತ್ತಾರೆ ದಾರದಕ್ಕ.

ಇವತ್ತು ಹತ್ತು ಗಂಟೆಗೆ ಮರುಪರೀಕ್ಷೆ. "ಹದಿನೈದು ಅಂತ ಬರ್ದು ಪಾಸಾಗಿ ಬಾಮ್ಮ, ನಿನ್ ಸತ್ಯ ಯಾರಿಗ್ ಬೇಕು" ಎಂದು ಮಗಳು ಹೇಳಿ ಕಳಿಸಿದ್ದಾಳೆ. ದಾರದಕ್ಕ ಕೊನೆಯ ತುಣುಕು ಅಂಟಿಸಿ, ಕೈಗೆ ಹತ್ತಿದ ಅಂಟನ್ನು ಉಜ್ಜಿಕೊಳ್ಳುತ್ತ ಮೆಟ್ಟಿಲು ಹತ್ತುತ್ತಾರೆ. ಹದಿನೆಂಟರ ಹುಡುಗ ಹುಡುಗಿಯರ ನಡುವೆ ಮೂರನೇ ಸಾಲು. ಏಳನೇ ಪ್ರಶ್ನೆಯಾಗಿ ಅದೇ ರೆಕ್ಕೆ ಕಾದು ಕೂತಿದೆ. ಐದು ನಿಮಿಷ ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು. ಆಮೇಲೆ ಬರೆಯುತ್ತಾರೆ: 'ಹದಿಮೂರು. ಮೂಗಿನ ಮೇಲೆ ತಗ್ಗಿದೆ, ಅದಕ್ಕೇ ಗಾಳಿ ಬೇಗ ಬಿಟ್ಟುಹೋಗುತ್ತದೆ. ಬೀಳಿಸಿದ್ದು ನಾನು.'

ಮೂರನೇ ಬೆಳಗ್ಗೆ, ದಾರ ಅಂಟಿಸುವ ಹೊತ್ತಿಗೇ, ಪ್ರೊಫೆಸರಮ್ಮ ಉತ್ತರಪತ್ರಿಕೆ ಹಿಡಿದು ಇಳಿದು ಬರುತ್ತಾರೆ. ರೆಕ್ಕೆಯ ಮೂಗಿನ ಮೇಲೆ ಬೆರಳಾಡಿಸುತ್ತಾರೆ. ತಗ್ಗಿಗೆ ಮೆದು ಜೇಡಿಮಣ್ಣು ತುಂಬಿ ನಯ ಮಾಡಿಸಿ, ಫ್ಯಾನು ಹಾಕಿಸುತ್ತಾರೆ. ಹನ್ನೆರಡು, ಹದಿಮೂರು, ಹದಿನಾಲ್ಕು. ದಾರಗಳು ಮಿಸುಕುವುದಿಲ್ಲ. ಹದಿನೈದಕ್ಕೆ ಎಲ್ಲವೂ ಒಟ್ಟಿಗೆ ಕುಣಿಯುತ್ತವೆ.

"ಎರಡು ಡಯಲ್ ಬಿಸಾಕಿದೆನಲ್ಲೇ! ಬಾಯಿ ಬಿಟ್ಟು ಹೇಳೋಕೆ ಎಂಟು ವರ್ಷ ಬೇಕಾಯ್ತಾ ನಿಂಗೆ?" ಪ್ರೊಫೆಸರಮ್ಮ ಬೈಯುತ್ತಾರೆ, ಬೈಯುತ್ತಲೇ ನಗುತ್ತಾರೆ. ಒಂದು ಎಚ್ಚರಿಕೆ ಪತ್ರ ಫೈಲು ಸೇರುತ್ತದಂತೆ, ಅದು ನಿಯಮ. ಬಂದಿರುವ ಅಂಕ ಐವತ್ತಮೂರು. ಆ ಉತ್ತರ ಬರೆಯದಿದ್ದರೂ ದಾರದಕ್ಕ ಪಾಸಾಗುತ್ತಿದ್ದರು! ಅದನ್ನು ಕೇಳಿ ಹಣೆ ಚಚ್ಚಿಕೊಂಡವಳು ಮಗಳು. ಇವರಿಗೆ ಮಾತ್ರ ಎಂಟು ವರ್ಷದ ಭಾರ ಇಳಿದ ಹಗುರ, ಅದು ಮುಖದಲ್ಲೇ ಕಾಣುತ್ತದೆ.

ಮುಂದಿನ ತಿಂಗಳು ಟೆಕ್ನಿಷಿಯನ್ ಹುದ್ದೆ ಕೈಸೇರಲಿದೆ. ಲ್ಯಾಬಿಗೆ ಹೊಸ ರೆಕ್ಕೆಯೂ ಬರಲಿದೆ. ಹಳೆಯದನ್ನು ಗುಜರಿಗೆ ಹಾಕುವ ಮಾತು ಬಂದಾಗ ದಾರದಕ್ಕ ಅಡ್ಡ ನಿಂತಿದ್ದಾರೆ, ಹೊಸದರ ಪಕ್ಕದಲ್ಲೇ ಅದೂ ಇರಲಿ ಎಂದು. ಜೇಡಿಮಣ್ಣನ್ನು ಉಗುರಿನಿಂದ ಕೆರೆದು ತೆಗೆಯುತ್ತ ಅವರು ಹೇಳುವುದಿಷ್ಟು:

"ಹೊಸ ರೆಕ್ಕೆ ಪಾಠ ಮೇಡಮ್ಮೋರೇ ಮಾಡ್ಲಿ. ಇದನ್ನ ನಾನು ಕಲಿಸ್ತೀನಿ. ಇನ್ಮೇಲೆ ಯಾರೂ ಹದಿಮೂರನ್ನ ಅಳಿಸಬಾರ್ದು."